ಅಳತೆ ಕೂಗುವ ಅಧ್ಯಕ್ಷರು

ಆರ್.ಟಿ. ನಗರದ ಟೈಲರುಗಳ ಸಂಘಕ್ಕೆ ಒಂದು ಕಾಯಿಲೆ ಹತ್ತಿಕೊಂಡಿತ್ತು. ಸಭೆ ಕರೆದರೆ ಜನ ಬರುತ್ತಿರಲಿಲ್ಲ. ಹಾಲಿನ ಸಂಘವಿರಲಿ, ಯುವಕರ ಸಂಘವಿರಲಿ, ಎಲ್ಲ ಕಡೆಗೂ ಒಮ್ಮೆಯಾದರೂ ಬರುವ ಕಾಯಿಲೆಯೇ ಇದು. ಮಂಗಳವಾರ ಟೈಲರ್ ಅಂಗಡಿಗಳಿಗೆ ರಜೆ. ಅಂದು ಸಂಜೆ ಶಾಲೆಯ ಸಭಾಂಗಣದಲ್ಲಿ ಕುರ್ಚಿ ಹಾಕಿಸಿ, ಟೀ ತರಿಸಿಟ್ಟು, ಅಧ್ಯಕ್ಷ ಮಹಾಲಿಂಗಪ್ಪನವರು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು. ಟೀ ಆರಿ ತಣ್ಣಗಾದರೂ ಬರುವವರು ಬೆರಳೆಣಿಕೆಯಷ್ಟು ಮಂದಿ.

ಇದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮಾತು. ರೆಡಿಮೇಡ್ ಅಂಗಡಿಗಳು ಒಂದೊಂದಾಗಿ ತಲೆ ಎತ್ತುತ್ತಿದ್ದ ಕಾಲ. ಹೊಲಿದು ಬದುಕುವವರು ಒಗ್ಗಟ್ಟಾಗಿ ನಿಲ್ಲದಿದ್ದರೆ ಮಿಷನ್ನು ಮಾರಿ ಮನೆಯಲ್ಲಿ ಕೂರಬೇಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಬರುತ್ತಿರಲಿಲ್ಲ.

ಮಹಾಲಿಂಗಪ್ಪನವರು ಬಾಗಲಕೋಟೆ ಕಡೆಯಿಂದ ಬಂದವರು. ಕೈ ಶುದ್ಧ, ಕೆಲಸ ಶುದ್ಧ, ನಾಲಿಗೆ ಮಾತ್ರ ಸ್ವಲ್ಪ ಸಡಿಲ. ಟೈಲರ್ ಅಂಗಡಿಯಲ್ಲಿ ಒಬ್ಬರು ಟೇಪು ಹಿಡಿದು ಅಳತೆ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಎಲ್ಲ ಕಡೆಯೂ ಇರುವ ಪದ್ಧತಿ. ಇವರು ಮಾತ್ರ ಅಂಕಿಯ ಜೊತೆಗೆ ಒಂದು ಒಗ್ಗರಣೆಯನ್ನೂ ಸೇರಿಸುತ್ತಿದ್ದರು. "ಸೊಂಟ ನಲವತ್ತು, ಗಡಿಗಿ ಹೊಟ್ಟಿ ಅಂತ ಬರಕೋ. ಬೆನ್ನು ಗೂನು." ಅಂಗಡಿಯಲ್ಲಿದ್ದವರು ನಗುತ್ತಿದ್ದರು. ಗಿರಾಕಿಯೂ ನಗುತ್ತಿದ್ದ. ಎರಡೂ ಕೈ ಎತ್ತಿಕೊಂಡು ನಿಂತವನು ಬೇರೇನು ಮಾಡಿಯಾನು?

ಅದೇ ನಾಲಿಗೆ ಸಂಘದ ಸಭೆಗೂ ಬರುತ್ತಿತ್ತು. ಹಿಂದಿನ ತಿಂಗಳು ಅಕ್ಬರಿ ಎಂಬ ಹೆಣ್ಣುಮಗಳು ಅಕ್ಕಪಕ್ಕದ ಇಬ್ಬರನ್ನು ಕರೆದುಕೊಂಡು ಸದಸ್ಯತ್ವ ಕೇಳಲು ಬಂದಿದ್ದರು. ಹಿಂದಿನ ಬೀದಿಯಲ್ಲಿ ಮನೆಯಲ್ಲೇ ಕೂತು ರವಿಕೆ ಹೊಲಿಯುವವರು. ಹೆಬ್ಬಾಳದಿಂದ ಮದುವೆ ಹೆಣ್ಣುಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಮಹಾಲಿಂಗಪ್ಪನವರು ವೇದಿಕೆಯ ಮೇಲಿಂದಲೇ ಅಂದರು:

"ಇದು ಟೈಲರಗೋಳ ಸಂಘ ತಾಯಿ, ಮನ್ಯಾಗ ಕುಂತು ಲಂಗಾ ಹೊಲಿಯೋರದಲ್ಲ. ಸಾಬರ ಮಂದಿ ಹೆಣಮಕ್ಕಳು ಸಭಾಕ್ಕ ಬರೂದು ಯಾವಾಗ ಕಲ್ತರಿ? ಏ ಕುಂಟ, ಅವರಿಗೆ ಹಿಂದಿನ ಬೆಂಚು ತೋರಸು."

ಕುಂಟ ಎಂದದ್ದು ಕೃಷ್ಣಯ್ಯನವರನ್ನು. ಕಾಜಾ, ಗುಂಡಿ ಕೆಲಸ ಮಾಡುವವರು, ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಒಂದು ಕಾಲು ಸೋತಿತ್ತು. ಸಭೆ ಗೊಳ್ಳೆಂದು ನಕ್ಕಿತು. ಅಕ್ಬರಿ ಕೂರಲೇ ಇಲ್ಲ, ಬಂದ ಹಾಗೆಯೇ ಹೊರಟರು. ಅವರ ಹಿಂದೆ ಉಪಾಧ್ಯಕ್ಷ ಹಬೀಬುಲ್ಲಾ ಕೂಡ ಎದ್ದು ಹೋದರು. ಅಂದಿನಿಂದ ಸಂಘದ ಕಡೆ ತಲೆ ಹಾಕಿರಲಿಲ್ಲ.

ಮಹಾಲಿಂಗಪ್ಪನವರನ್ನು ಕೊರೆಯುತ್ತಿದ್ದುದು ಇದೇ. ಬರೀ ಒಂದು ಕತ್ತರಿ ಹಿಡಿದು ಈ ಊರಿಗೆ ಬಂದ ಅವರಿಗೆ ತಮ್ಮ ಅಂಗಡಿಯ ಮೂಲೆಯಲ್ಲಿ ಮಿಷನ್ನು ಹಾಕಿಕೊಳ್ಳಲು ಜಾಗ ಕೊಟ್ಟವರು ಹಬೀಬುಲ್ಲಾ. ಸಂಘ ಕಟ್ಟಿದ್ದೂ ಇಬ್ಬರೂ ಸೇರಿಯೇ. ಆ ಗೆಳೆಯ ಇಲ್ಲದ ಮೇಲೆ ಅಧ್ಯಕ್ಷನಾಗಿ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ಅವರಿಗೆ ಅನ್ನಿಸುತ್ತಿತ್ತು.

"ಹಬೀಬ ಯಾಕ ಸಿಟ್ಟಾಗ್ಯಾನೋ ತಿಳೀವಲ್ದು" ಎಂದರು, ಊಟಕ್ಕೆ ಕೂತಾಗ.

ಹೆಂಡತಿ ಚನ್ನಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಖರೇನ ತಿಳೀವಲ್ದೇನ್ರೀ? ಮನೀಗೆ ಬಂದೋರಿಗೆ ಹಂಗ ಅಂದಿದ್ರ ನಾ ಸುಮ್ನಿರ್ತಿದ್ದಿಲ್ಲ. ಸಂಘ ಅಂದ್ರ ಅದೂ ಮನೀನ ಅಲ್ಲೇನು?"

"ನಾ ಪ್ರೀತೀಲೆ ಅಂತೀನಿ. ಕೃಷ್ಣಯ್ಯ ಒಂದು ದಿನಾನೂ ಬ್ಯಾಸರಾ ಮಾಡ್ಕೊಂಡಿಲ್ಲ. ಅವನೂ ನಗ್ತಾನ."

"ಹಂಗಾದ್ರ ಅವನ್ನ ಕೇಳ್ರಿ."

ಮರುದಿನ ಕೃಷ್ಣಯ್ಯ ಕಾಜಾ ಹಾಕಿದ ಷರ್ಟುಗಳನ್ನು ತಂದಾಗ ಅವರು ಕೇಳಿಯೇಬಿಟ್ಟರು. ಕೃಷ್ಣಯ್ಯ ಬಟ್ಟೆಯ ಗಂಟನ್ನು ಕೆಳಗಿಟ್ಟರು.

"ನಿಜ ಹೇಳ್ಲಾ ಸಾರ್? ನಗದೇ ಇದ್ರೆ ನಾಳೆ ಕೆಲ್ಸ ಕೊಡ್ತೀರೋ ಇಲ್ವೋ ಅಂತ ಭಯ. ಅದಕ್ಕೇ ನಗ್ತೀನಿ. ನನ್ ಹೆಂಡ್ತಿ ಮಕ್ಳನ್ನ ಸಂಘದ ಕಾರ್ಯಕ್ರಮಕ್ಕೆ ಒಂದ್ಸಲನಾದ್ರೂ ಕರ್ಕೊಂಡ್ ಬಂದಿದೀನಾ ನೋಡಿ. ಅವ್ರ್ ಮುಂದೆ ಹಂಗ್ ಕರುಸ್ಕೊಳಕ್ ಆಗಲ್ಲ ಸಾರ್."

ಆ ಮಾತು ಮಹಾಲಿಂಗಪ್ಪನವರಿಗೆ ನಾಟಿತು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಅವರವರ ಮನಸ್ಸು ಸೂಕ್ಷ್ಮವಾದರೆ ಅದಕ್ಕೆ ನಾನೇನು ಮಾಡಲಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ವಾರ್ಷಿಕೋತ್ಸವ ಹತ್ತಿರ ಬಂತು. ಅಧ್ಯಕ್ಷರಿಗೆ ಹೊಸ ಕೋಟು ಬೇಕು. ಎಷ್ಟು ದೊಡ್ಡ ಟೈಲರಾದರೂ ತನ್ನ ಮೈಯ ಅಳತೆಯನ್ನು ತಾನೇ ತೆಗೆದುಕೊಳ್ಳಲಾರ. ಮಹಾಲಿಂಗಪ್ಪನವರ ಕೋಟು ಯಾವತ್ತೂ ಹಬೀಬುಲ್ಲಾ ಅವರ ಕೈಯಲ್ಲೇ ಆಗಬೇಕು. ಹಳೆಯ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು, ಇದೇ ನೆವದಲ್ಲಿ ಗೆಳೆಯನ ಮುಖವನ್ನಾದರೂ ನೋಡೋಣ ಎಂದು ಹೋದರು.

"ಬನ್ನಿ ಅಣ್ಣ" ಎಂದರು ಹಬೀಬುಲ್ಲಾ. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ಗಿರಾಕಿಗಳು ಕೂತಿದ್ದರು. ಹಬೀಬುಲ್ಲಾ ಟೇಪು ತೆಗೆದು ಅಳತೆ ಹಿಡಿದರು, ತಾವೇ ಬರೆದುಕೊಂಡರು.

"ಸಂಘಕ್ಕ ಬರಂಗಿಲ್ಲೇನು ಹಬೀಬ?"

"ಇಲ್ಲಣ್ಣ. ರಾಜೀನಾಮೆ ಅಂತ ಬಾಯಲ್ಲೇ ಹೇಳ್ತಿದೀನಿ. ಕೋಟು ಹೊಲ್ಕೊಡ್ತೀನಿ, ಅದು ಬೇರೆ ವಿಷ್ಯ."

ಮಹಾಲಿಂಗಪ್ಪನವರು ಮಾತು ಬದಲಿಸಿ, "ಯಾಕ, ಇವತ್ತು ಅಳತಿ ಕೂಗ್ಲಿಲ್ಲ?" ಎಂದರು.

"ನಿಮ್ ಅಳತೆ ನಾನ್ ಯಾವತ್ತೂ ಕೂಗಿಲ್ಲ. ನೀವ್ ಗಮನಿಸಿಲ್ಲ ಅಷ್ಟೆ."

ಹಬೀಬುಲ್ಲಾ ಹಳೆಯ ಕೋಟನ್ನು ಮೇಜಿನ ಮೇಲೆ ಹರಡಿದರು. ಬಲಭುಜದ ಹತ್ತಿರ ಲೈನಿಂಗಿನ ಹೊಲಿಗೆ ಬಿಚ್ಚಿ ತೋರಿಸಿದರು. ಒಳಗೆ ಕ್ಯಾನ್ವಾಸಿನ ಪದರದ ಮೇಲೆ ಇನ್ನೊಂದು ಪದರವಿತ್ತು. ಎಡಭುಜದಲ್ಲಿ ಅದು ಇರಲಿಲ್ಲ.

"ನಿಮ್ ಬಲಗಡೆ ಭುಜ ಇಳ್ದಿದೆ ಅಣ್ಣ" ಎಂದರು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ಮೊದಲ್ನೇ ಕೋಟಿಂದಾನೂ ಒಳಗೊಂದು ಪದರ ಜಾಸ್ತಿ ಇಡ್ತಾ ಬಂದಿದೀನಿ. ಹಾಕ್ಕೊಂಡ್ರೆ ಎರಡೂ ಸಮ ಕಾಣುತ್ತೆ."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿ ಏನಾಗ್ಬೇಕಿತ್ತು? ಕೋಟು ಸರಿಯಾಗಿ ಕೂರ್ಸೋದು ನನ್ ಕೆಲ್ಸ. ನಿಮ್ ಮೈನ ಊರಿಗೆಲ್ಲ ಸಾರೋದಲ್ಲ. ಸೊಟ್ಟ ಭುಜದ ಅಧ್ಯಕ್ಷರು ಅಂತ ಈಗ ಇವ್ರೆಲ್ಲರ ಮುಂದೆ ಕೂಗ್ಲಾ?"

ಮಹಾಲಿಂಗಪ್ಪನವರ ಕೈ ತಾನಾಗಿ ಭುಜದ ಮೇಲೆ ಹೋಯಿತು. ಗಿರಾಕಿಗಳ ಕಡೆ ತಿರುಗಿ ನೋಡಿದರು. ಯಾರೂ ಇವರನ್ನು ನೋಡುತ್ತಿರಲಿಲ್ಲ, ಆದರೂ ಮುಖ ಬಿಸಿಯಾಯಿತು. ಕೈ ಎತ್ತಿ ನಿಂತು ನಗುತ್ತಿದ್ದ ಗಿರಾಕಿಗಳೆಲ್ಲ ಆಗ ಕಣ್ಣಮುಂದೆ ಬಂದರು. ಅವರಿಗೆ ಬಹಳ ನಾಚಿಕೆಯಾಯಿತು.

"ಅಕ್ಬರಿ ನನಗೆ ನೆಂಟರೇನಲ್ಲ" ಎಂದರು ಹಬೀಬುಲ್ಲಾ. "ಆದ್ರೆ ನೀವು 'ಸಾಬರ ಮಂದಿ' ಅಂದಾಗ ಅದ್ರಲ್ಲಿ ನಾನೂ ಸೇರ್ಕೊಂಡೆ. ವೇದಿಕೆ ಮೇಲೆ ಕೂತಿದ್ರೂ ನನ್ನನ್ನೂ ಹಿಂದಿನ ಬೆಂಚಿಗೇ ಕಳಿಸ್ದಂಗಾಯ್ತು."

"ಈಗ ಏನ್ ಮಾಡ್ಲಿ, ಹೇಳು."

"ಮೊದ್ಲು ಅವ್ರ ಮನೆಗೆ ಹೋಗಿ. ಆಮೇಲೆ ಸಭೇಲಿ ಹೇಳಿ. ಎಲ್ರ ಮುಂದೆ ಅಂದಿದ್ದನ್ನ ಎಲ್ರ ಮುಂದೇನೇ ವಾಪಸ್ ತಗೋಬೇಕು."

ಅಂದು ಸಂಜೆಯೇ ಚನ್ನಕ್ಕನೊಡನೆ ಅಕ್ಬರಿಯವರ ಮನೆಗೆ ಹೋದರು. ತಪ್ಪಾಯಿತು ಎಂದರು. ಅಕ್ಬರಿ ಇಬ್ಬರಿಗೂ ಚಾ ಕೊಟ್ಟರು, ಆದರೆ ಅಷ್ಟಕ್ಕೇ ಬಿಡಲಿಲ್ಲ.

"ನೀವು ಬಂದ್ರಿ, ಸಂತೋಷ. ನಾಳೆ ಬೇರೆಯೋರು ಅಧ್ಯಕ್ಷರಾಗಿ ಮತ್ತೆ ಅದೇ ಮಾತಾಡಿದ್ರೆ ನಾವ್ ಯಾರನ್ನ ಕೇಳೋದು? ಸಂಘದ ನಿಯಮದಲ್ಲೇ ಸೇರ್ಸಿ. ಮನೇಲಿ ಹೊಲಿದ್ರೂ ಟೈಲರೇ ಅಂತ ಹಾಕಿ. ಆಮೇಲೆ ಸಂಜೆ ಹೊತ್ತು ಸಭೆ ಇಟ್ರೆ ಅಡುಗೆ, ಮಕ್ಳು ಬಿಟ್ಟು ಬರಕ್ಕಾಗಲ್ಲ. ಮಧ್ಯಾಹ್ನ ಇಡಿ, ನಾವೂ ಬರ್ತೀವಿ."

ಸಂಜೆ ಸಭೆ ಇಟ್ಟರೆ ಯಾರಿಗೆ ಕಷ್ಟ ಎಂದು ಮಹಾಲಿಂಗಪ್ಪನವರು ಆವರೆಗೆ ಯೋಚಿಸಿಯೇ ಇರಲಿಲ್ಲ. "ಹೌದಲ್ಲ" ಎಂದರು ಚನ್ನಕ್ಕ, ಗಂಡನ ಪರವಾಗಿ.

ವಾರ್ಷಿಕೋತ್ಸವ ಮಧ್ಯಾಹ್ನವೇ ನಡೆಯಿತು. ಹಬೀಬುಲ್ಲಾ ಬಂದಿದ್ದರು, ಆದರೆ ವೇದಿಕೆ ಹತ್ತದೆ ಸಭಿಕರ ನಡುವೆ ಕೂತಿದ್ದರು. ಮಹಾಲಿಂಗಪ್ಪನವರು ಎದ್ದು ಆವತ್ತು ಆಡಿದ ಮಾತನ್ನು ಇದ್ದ ಹಾಗೇ ಹೇಳಿ, ಅದು ತಪ್ಪು ಎಂದರು. ಇನ್ನು ಮುಂದೆ ಸಂಘದಲ್ಲಿ ಯಾರನ್ನೂ ಅವರ ಮೈ, ಜಾತಿ, ಧರ್ಮ, ಊರು ಹಿಡಿದು ಕರೆಯಕೂಡದು, ಹೆಸರು ಹೇಳಿ ಮರ್ಯಾದೆಯಿಂದ ಕರೆಯಬೇಕು, ಮನೆಯಲ್ಲಿ ಹೊಲಿಯುವವರೂ ಟೈಲರುಗಳೇ, ಹೆಂಗಸರೂ ಗಂಡಸರೂ ಸರಿಸಮ ಸದಸ್ಯರು ಎಂಬ ನಿಯಮವನ್ನು ಸಭೆಯ ಮುಂದಿಟ್ಟರು. ಅಂಗಡಿಯಲ್ಲಿ ಗಿರಾಕಿಯ ಮೈ ಬಗ್ಗೆ ಕೂಗುವುದನ್ನೂ ನಿಲ್ಲಿಸೋಣ ಎಂದರು. ಆಮೇಲೆ ಹಳೆಯ ಚಾಳಿಯಂತೆ, "ಏ ಕುಂಟ..." ಎಂದು ಬಾಯಿ ತೆರೆದವರು ತಟ್ಟನೆ ನಿಂತರು.

"ತಪ್ಪಾತು. ಕೃಷ್ಣಯ್ಯನವರ, ನೀವೂ ಒಂದೆರಡು ಮಾತಾಡ್ರಿ."

ಹಿಂದಿನಿಂದ ಯಾರೋ ಕೇಳಿದರು, "ಹಂಗಾದ್ರೆ ಇನ್ಮೇಲೆ ನಗಂಗೂ ಇಲ್ವಾ ಅಧ್ಯಕ್ಷರೇ?"

ಕೃಷ್ಣಯ್ಯನವರೇ ಉತ್ತರ ಕೊಟ್ಟರು. "ನಗಿ ಗುರು. ನಾನೂ ನಗ್ತೀನಿ. ನನ್ ಕಾಲು ಬಿಟ್ಟು ಬೇರೆ ಏನಾದ್ರೂ ಇದ್ರೆ ನೋಡಿ."

ಆವತ್ತು ಸಭೆ ನಕ್ಕಿತು, ಕೃಷ್ಣಯ್ಯನವರೂ ಮನಸಾರೆ ನಕ್ಕರು. ನಿಯಮಕ್ಕೆ ಮೊದಲು ಕೈ ಎತ್ತಿದವರು ಮುಂದಿನ ಸಾಲಿನಲ್ಲಿದ್ದ ಅಕ್ಬರಿ. ಬಳಿಕ ಹಬೀಬುಲ್ಲಾ ಎದ್ದು, ವೇದಿಕೆ ಹತ್ತಿ, ಗೆಳೆಯನ ಪಕ್ಕದಲ್ಲಿ ಕೂತರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಯಾವುದಾದರೊಂದು ಸಂಘದಲ್ಲಿ ಇದ್ದೀರಿ. ನಿಮ್ಮಲ್ಲೂ ಕಾಲು, ಕಣ್ಣು, ಬಣ್ಣ, ಜಾತಿ, ಊರು ಹಿಡಿದು ಕರೆಸಿಕೊಳ್ಳುವ ಒಬ್ಬರು ಇದ್ದೇ ಇರುತ್ತಾರೆ. ಅವರು ನಗುತ್ತಾರೆ ಎಂದು ನೀವು ಸುಮ್ಮನಿರಬೇಡಿ. ಮುಂದಿನ ಸಭೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯಿರಿ. ಇಷ್ಟು ವರ್ಷ ಜೊತೆಗಿದ್ದೂ ಅವರ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ, ಹೋಗಿ ಅವರನ್ನೇ ಕೇಳಿ.