ಗಿಟಾರ್ ಹೇಳಿದ ಹೆಸರು

ಲಕ್ವ ಹೊಡೆದ ಮೇಲೆ ಒಬಿ ಟಾರ್ವರ್‌ನ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಹೂಂ’. ನೀರು ಬೇಕಾದರೂ ಹೂಂ, ಬೇಡವಾದರೂ ಹೂಂ. ತಲೆಯಾಡಿಸಿ ಅಲ್ಲ ಎನ್ನೋಣವೆಂದರೆ ಆ ಹಾಳು ತಲೆಯೂ ಹೂಂ ಎಂದೇ ಆಡುತ್ತಿತ್ತು.

ಮಿಸಿಸಿಪಿಯ ಹತ್ತಿ ಸೀಮೆಯಲ್ಲಿ ಅವನ ಗಿಟಾರ್ ಕೇಳದ ಹೆಂಡದಂಗಡಿ ಇರಲಿಲ್ಲ. ಒಡೆದ ಸೀಸೆಯ ಕತ್ತನ್ನು ಎಡಗೈ ಕಿರುಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸಿದನೆಂದರೆ ಕುಡಿದು ಕಿತ್ತಾಡುವವರೂ ತೆಪ್ಪಗಾಗುತ್ತಿದ್ದರು. ಒಮ್ಮೆ ಮೆಂಫಿಸ್ ಪಟ್ಟಣಕ್ಕೆ ಕರೆಸಿ ಅವನ ಹಾಡಿನ ಒಂದು ಗ್ರಾಮಫೋನ್ ಪ್ಲೇಟು ಮಾಡಿಕೊಂಡರು. ಆಮೇಲೆ ಯಾವ ಪುಣ್ಯಾತ್ಮನೂ ಕರೆಯಲಿಲ್ಲ. ವಾರವಿಡೀ ಟ್ರ್ಯಾಕ್ಟರ್ ಓಡಿಸಿ, ಶನಿವಾರ ಗಿಟಾರ್ ನುಡಿಸಿ ಮುದುಕನಾದ.

ಅವನ ಹಾಡಿನಲ್ಲಿ ಒಂದು ವರಸೆಯಿತ್ತು. ‘ನಾನು ಸೋತು ಬಂದಾಗ ದೀಪ ಹಚ್ಚಿಟ್ಟವಳು...’ ಎಂದು ಹಾಡಿ ಬಾಯಿ ಮುಚ್ಚಿಬಿಡುವನು. ಹೆಸರನ್ನು ಗಿಟಾರ್ ಹೇಳಬೇಕು. ಮೂರು ಸ್ವರ, ನಡುವಿನದು ಮೇಲೇರಿ, ಕೊನೆಯದು ಕೆಳಕ್ಕೆ ಜಾರುವುದು. ಒ-ಡೆ-ಸಾ! ಎಲ್ಲರೂ ಅವನ ಹೆಂಡತಿಯತ್ತ ತಿರುಗಿ ಹೋ ಎನ್ನುವರು. ಅಲ್ಲೇ ಅಂಗಡಿಯ ಮೂಲೆಯಲ್ಲಿ ಮೀನು ಕರಿಯುತ್ತಿದ್ದ ಒಡೆಸಾ ಸೌಟು ಎತ್ತಿ ಬೈಯುವಳು, ಒಳಗೊಳಗೇ ಹಿಗ್ಗುವಳು.

ಮದುವೆಗೆ ಮುಂಚೆ ಒಬಿಯ ಜೊತೆ ಓಡಾಡಿದ್ದ ಲುವೀನಾ ಮೊನ್ನೆ ಸತ್ತಳು. ಮಣ್ಣಿಗೆ ಹೋಗಿ ಬಂದ ಒಡೆಸಾ ಟೋಪಿಯನ್ನೂ ತೆಗೆಯದೆ ಗಂಡನ ಎದುರು ಕೂತಳು.

“ಚರ್ಚಲ್ಲಿ ಅವಳ ತಂಗಿ ಎದ್ದು ನಿಂತ್ಲು. ‘ಒಬಿ ಟಾರ್ವರ್ ಹಾಡು ನಮ್ಮಕ್ಕನ ಮೇಲೇ ಕಟ್ಟಿದ್ದು’ ಅಂದ್ಲು. ಎಲ್ರೂ ನನ್ನ ಮುಖಾನೇ ನೋಡಿದ್ರು ಕಣೋ. ಲು-ವೀ-ನಾ. ಅದೂ ಮೂರೇ! ನನ್ನ ಮಂಡೆಗೆ ಇಷ್ಟು ವರ್ಷ ಹೊಳೀಲೇ ಇಲ್ವಲ್ಲ. ಗಿಟಾರ್ ಹೇಳ್ತಿದ್ದದ್ದು ಅವಳ ಹೆಸರಾ?”

“ಹೂಂ.”

“ಹಂಗಾದ್ರೆ ನಂದಲ್ವಾ?”

“ಹೂಂ.”

“ಥೂ, ನಿನ್ನ ಹೂಂಗೆ ಬೆಂಕಿ ಹಾಕ!”

ಒಬಿಗೆ ಹೇಳುವುದು ರಾಶಿಯಿತ್ತು. ಹಾಡು ಕಟ್ಟಿದಾಗ ಅದು ಲುವೀನಾ ಆಗಿದ್ದದ್ದು ನಿಜ. ಇವಳ ಕೈಹಿಡಿದ ಮೇಲೆ ಅವೇ ಸ್ವರಗಳು ಒಡೆಸಾ ಆದವು, ಮತ್ತೆಂದೂ ಹಿಂದಕ್ಕೆ ಹೋಗಲಿಲ್ಲ. ಮಾತಿಲ್ಲದೆ ಇದನ್ನು ಹೇಗಪ್ಪಾ ಹೇಳುವುದು?

ಒಬಿ ಗೋಡೆಯ ಮೇಲಿನ ಗಿಟಾರ್ ತೋರಿಸಿದ. ಅವಳು ತಂದು ಅವನ ತೊಡೆಯ ಮೇಲಿಟ್ಟು, ಕಿರುಬೆರಳಿಗೆ ಸೀಸೆಯ ಗಾಜು ತೊಡಿಸಿದಳು. ಬಲಗೈಗೆ ಸ್ವಾಧೀನವಿಲ್ಲ, ತಂತಿಯನ್ನು ಅವಳೇ ಮೀಟಿದಳು. ಅವನು ಗಾಜನ್ನು ಜಾರಿಸಿದ. ಒಡೆಸಾ ಎಂದು ಅಷ್ಟು ಸ್ಪಷ್ಟವಾಗಿ ಜೀವಮಾನದಲ್ಲೇ ಹೇಳಿರಲಿಲ್ಲ. ಕೊನೆಯ ಸ್ವರಕ್ಕೆ ಅವನ ಕಣ್ಣು ತುಂಬಿತು.

“ಇನ್ನೊಂದ್ಸಲ,” ಎಂದು ಒಡೆಸಾ ಮತ್ತೆ ಮೀಟಿ, ತಲೆ ಬಗ್ಗಿಸಿ ಕೇಳಿಸಿಕೊಂಡಳು.

“ಲು-ವೀ-ನಾ,” ಎಂದಳು ಮೆಲ್ಲಗೆ. “ಈಗ ಅದೇ ಕೇಳ್ಸತ್ತೆ ನಂಗೆ. ನನ್ನ ಹೆಸರು ಹೋಗೇ ಬಿಡ್ತು ನೋಡು.”

ಒಬಿ ಗಾಜು ತೊಟ್ಟ ಬೆರಳನ್ನು ಅವಳ ಎದೆಯತ್ತ ಚಾಚಿದ. ನೀನು ಕಣೇ, ನೀನೇ.

“ತೆಗೀಬೇಕಾ? ತಾಳು,” ಎಂದು ಅವಳು ಗಾಜನ್ನು ಬಿಡಿಸಿ, ಒರೆಸಿ, ಜೇಬಿಗೆ ಹಾಕಿಕೊಂಡಳು. “ಇನ್ಮೇಲೆ ಇದನ್ನ ನುಡಿಸೋದು ಬೇಡ. ಆಯ್ತಾ?”

“ಹೂಂ,” ಎಂದಿತು ಅವನ ಬಾಯಿ.