ಹಾಳಾದ್ದು

“ಇದೂ ಅಲ್ಲ,” ಎಂದು ಮಗಳು ಏಳನೆಯ ಸುರುಳಿಯನ್ನು ಟೇಪ್ ಯಂತ್ರದಿಂದ ತೆಗೆದಳು. ಅದರಲ್ಲಿದ್ದದ್ದು ಮೋರಿಯ ಗುಳುಗುಳು. ಆರನೆಯದರಲ್ಲಿ ತಗಡಿನ ಮೇಲೆ ಗುಬ್ಬಿಗಳ ಓಡಾಟ, ಐದನೆಯದರಲ್ಲಿ ಪಂಪ್‌ಹೌಸಿನ ಮೋಟರು. ಎಲ್ಲದರ ಬೆನ್ನಿಗೂ ಅಪ್ಪ ತಾನೇ ಕಟ್ಟಿದ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಪೆಟ್ಟಿಗೆಯ ಗುಂಯ್. ಬೀದಿಯವರು ಅವನನ್ನು ಗುಂಯ್‌ರಾಯ ಎಂದೇ ಕರೆಯುತ್ತಿದ್ದರು. ಆದರೆ ಅವನ ದನಿ ಮಾತ್ರ ಯಾವ ಸುರುಳಿಯಲ್ಲೂ ಇಲ್ಲ.

ಅಪ್ಪ ಬಿಳಿ ಬಟ್ಟೆ ಹೊದ್ದು ಪಡಸಾಲೆಯಲ್ಲಿ ಮಲಗಿದ್ದ. ನಾಲ್ಕಕ್ಕೆ ಗಾಡಿ ಬರುತ್ತದೆ. ಕೊನೆಯ ಮೂರು ವಾರ ಗಂಟಲಿಗೆ ನಳಿಕೆ ಹಾಕಿದ್ದರಿಂದ ಒಂದು ಮಾತೂ ಆಡದೆ ಹೋದ. “ಕರ್ಕೊಂಡು ಹೋಗೋಕೆ ಮುಂಚೆ ಒಂದೇ ಒಂದ್ಸಲ ಅವರ ದನಿ ಕೇಳಿಸು,” ಎಂದು ಅಮ್ಮ ಬೆಳಿಗ್ಗೆಯಿಂದ ಬೇಡುತ್ತಿದ್ದಳು. ಮಗಳು ಫೋನಿನ ವಿಡಿಯೋಗಳನ್ನೂ ಜಾಲಾಡಿದ್ದಳು. ಪುಣ್ಯಾತ್ಮ ಅಲ್ಲೂ ತುಟಿಯ ಮೇಲೆ ಬೆರಳಿಟ್ಟು, ಯಾವುದೋ ಸದ್ದಿಗೆ ಕಿವಿಗೊಟ್ಟು ನಿಂತಿದ್ದ.

“ನಾನು ಆವತ್ತೇ ಬಡ್ಕೊಂಡೆ, ಸಂಗೀತ ಅಂದ್ರೆ ಬಾಯಿಬಿಟ್ಟು ಹಾಡ್ಬೇಕು ಭಾವ ಅಂತ,” ಸೋದರಮಾವ ಬಾಗಿಲಿಗೆ ಒರಗಿ ಹೇಳಿದ. “ಹಾಡಿದ್ದಿದ್ರೆ ದನಿಯಾದ್ರೂ ಉಳೀತಿತ್ತು. ಈ ಸೊಳ್ಳೆ ಪೆಟ್ಟಿಗೆ ಕಟ್ಕೊಂಡು ಏನು ಸಿಕ್ತು?”

“ನಿನ್ನ ಬಾಯಿಗಿಷ್ಟು ಬೀಗ ಹಾಕೋ,” ಅಮ್ಮ ಅಂದಳು. ಬೈಯಲೂ ತ್ರಾಣವಿರಲಿಲ್ಲ.

*

ಮಗಳು ತೊಟ್ಟಿಲಲ್ಲಿದ್ದ ಕಾಲ. ಪಂಪ್‌ಹೌಸಿನ ಫಿಟರ್ ಕೆಲಸ ಮುಗಿಸಿ ಬಂದವನೇ ಅಪ್ಪ ಬಚ್ಚಲಲ್ಲಿ ಕೊಡಕ್ಕೆ ನೀರು ಬಿಟ್ಟು ಮೈಕು ಹಿಡಿದು ಕೂರುತ್ತಿದ್ದ. ಕೊಡ ತುಂಬುತ್ತಾ ಬಂದಂತೆ ಸ್ವರ ಮೇಲೇರುತ್ತದೆ. ಅದು ಕಂಠ ಮುಟ್ಟುವ ಗಳಿಗೆಯೇ ಅವನಿಗೆ ಬೇಕು. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಿಂದ ಹೆಂಡತಿಯ ಕೂಗು: “ರೀ, ಟೀ ಆರ್ತಿದೆ!”

“ಬಂದೆ!” ಅಂದುಬಿಟ್ಟು ಹಣೆ ಚಚ್ಚಿಕೊಳ್ಳುತ್ತಿದ್ದ. “ಛೆ, ಹಾಳಾದ್ದು!” ಬ್ಲೇಡು ತೆಗೆದು ಅಷ್ಟು ಟೇಪನ್ನು ಕತ್ತರಿಸುತ್ತಿದ್ದ.

ನೂರು ಸಲ ಸಹಿಸಿದಳು. ಒಂದು ದಿನ ಸಿಡಿದಳು. “ಬೀದಿ ಮೋರಿಗೂ ಜಾಗ ಇದೆ ನಿಮ್ಮ ಟೇಪಲ್ಲಿ. ನನ್ನ ದನಿ ಮಾತ್ರ ಹಾಳಾದ್ದು! ಇನ್ಮೇಲೆ ಕರೆದ್ರೆ ಕೇಳಿ.”

ಮಾರನೆಯ ದಿನ ಕರೆಯಲೇ ಇಲ್ಲ. ಟೀ ಆರಿ ಕೆನೆಗಟ್ಟಿತು. ಅವನು ಅದನ್ನೇ ಕುಡಿದು ಎದ್ದ. ಊರ ಸದ್ದೆಲ್ಲ ಹಿಡಿಯುವ ಕಿವಿಗೆ ಹೆಂಡತಿಯ ಮುನಿಸು ಕೇಳಿಸಬೇಡವೇ! ಮರುದಿನ ಬಾಯಿ ತಡೆಯದೆ ಮತ್ತೆ ಕೂಗಿದಳು. ರಾಜಿಯೇನೋ ಆಯಿತು, ಆದರೆ ಆ ಮುಳ್ಳು ಒಳಗೇ ಉಳಿಯಿತು.

*

ಮೂರೂವರೆಗೆ ಪಂಪ್‌ಹೌಸಿನ ಹಳೆಯ ಜೊತೆಗಾರ ಕೋಲೂರಿಕೊಂಡು ಬಂದ. ವಿಷಯ ತಿಳಿದು, “ಡಬ್ಬಿ ನೋಡಿದ್ರಾ ಅತ್ತಿಗೆ?” ಎಂದ.

“ಯಾವ ಡಬ್ಬಿ?”

“ಬಿಸ್ಕತ್ತಿಂದು. ಮುಚ್ಚಳದ ಮೇಲೆ ‘ಹಾಳಾದ್ದು’ ಅಂತ ಬರೆದಿರೋದು. ಕತ್ತರಿಸಿದ್ದನ್ನೆಲ್ಲ ಒಂದಕ್ಕೊಂದು ಅಂಟಿಸಿ ಅದರಲ್ಲೇ ಇಡ್ತಿದ್ದ.”

ಆಗ ಅಮ್ಮನಿಗೆ ಗೊತ್ತಾಯಿತು. ಮೇಜಿನ ಗಿಡ್ಡ ಕಾಲಿನಡಿ ಒತ್ತು ಕೊಟ್ಟ ಡಬ್ಬಿ. ಬೈಗುಳ ಬರೆದಿಟ್ಟಿದ್ದಾರೆ ಎಂದುಕೊಂಡೇ ಇಷ್ಟು ವರ್ಷ ಅದರ ಸುತ್ತ ಗುಡಿಸಿದ್ದಳು. ಮಾವ ಸೊಳ್ಳೆ ಪೆಟ್ಟಿಗೆಯ ಸಮೇತ ಮೇಜನ್ನು ಎತ್ತಿ ಹಿಡಿದ, ಮಗಳು ಡಬ್ಬಿ ಎಳೆದಳು. ಒಳಗೆ ಒಂದೇ ಸುರುಳಿ. ಗೇಣಿಗೊಂದು, ಮೊಳಕ್ಕೊಂದು ಬಿಳಿ ಅಂಟು.

“ರೀ, ಟೀ ಆರ್ತಿದೆ!” “ಬಂದೆ!”

“ಟೀ ಆರ್ತಿದೆ ರೀ!” “ಬಂದೆ, ಬಂದೆ. ಛೆ, ಹಾಳಾದ್ದು!”

ಪಡಸಾಲೆಯಲ್ಲಿ ಯಾರೋ ನಕ್ಕರು. ಅಮ್ಮನೂ ನಕ್ಕಳು, ನಗುತ್ತಲೇ ಅತ್ತಳು. ಮತ್ತೆ ಮತ್ತೆ ಕರೆ, ಮತ್ತೆ ಮತ್ತೆ ‘ಬಂದೆ’. ಗಾಡಿಯ ಡ್ರೈವರ್ ಹೊಸ್ತಿಲಲ್ಲಿ ನಿಂತು “ಹೊತ್ತಾಯ್ತು...” ಎನ್ನುವಷ್ಟರಲ್ಲಿ ಮಾವ ತುಟಿಯ ಮೇಲೆ ಬೆರಳಿಟ್ಟ.

ಎಲ್ಲದರ ಕೊನೆಗೆ ಬೇರೆಯಾಗಿ ಅಂಟಿಸಿಟ್ಟ ತುಣುಕು ಉದ್ದವಿತ್ತು. ಕೊಡಕ್ಕೆ ನೀರು ಬೀಳುತ್ತಿತ್ತು. ಸ್ವರ ಏರಿತು, ಏರಿತು, ಕಂಠ ಮುಟ್ಟಿತು. ಯಾರೂ ಕರೆಯಲಿಲ್ಲ. ನೀರು ತುಂಬಿ ಚೆಲ್ಲತೊಡಗಿತು, ಚೆಲ್ಲುತ್ತಲೇ ಇತ್ತು. ಆಮೇಲೆ, ಮೈಕಿಗೆ ತೀರ ಹತ್ತಿರದಲ್ಲಿ, ಅಪ್ಪ ತನಗೆ ತಾನೇ ಅಂದ:

“ಇವಳ್ಯಾಕೆ ಇನ್ನೂ ಕರೀಲಿಲ್ಲ?”

ಸುರುಳಿ ಮುಗಿಯಿತು. ಬಿಟ್ಟ ತುದಿ ಟಪ್ ಟಪ್ ಎಂದು ಸುತ್ತತೊಡಗಿತು. ಅಮ್ಮ ಪಡಸಾಲೆಯ ಕಡೆ ತಿರುಗಿ, ಅಡುಗೆಮನೆಯಿಂದ ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದಳು:

“ರೀ, ಟೀ ಆರ್ತಿದೆ!”

ಗುಂಡಿ ಒತ್ತಲು ಹೋದ ಮಗಳ ಕೈ ಅಲ್ಲೇ ನಿಂತಿತು. ಎಲ್ಲರೂ ಕಿವಿಗೊಟ್ಟು ಪಡಸಾಲೆಯ ಕಡೆ ನೋಡುತ್ತಿದ್ದರು.