ಕೋಟಿನ ಒಳಮೈ

"ಕೈ ಎತ್ತು," ಎಂದ ಪೊಡಿಯಬ್ಬ. ರೋಶನ್ ಎತ್ತಿದ. ಟೇಪು ಅವನ ಎದೆಯನ್ನು ಸುತ್ತಿ ಬಂದು ಪೊಡಿಯಬ್ಬನ ಹೆಬ್ಬೆರಳಿನ ಕೆಳಗೆ ನಿಂತಿತು. "ಉಸಿರು ಬಿಡು. ಹೊಟ್ಟೆ ಒಳಗೆ ಎಳ್ಕೊಳ್ಬೇಡ, ಇದ್ದ ಹಾಗೆ ಇರು."

ನಲವತ್ತೆರಡೂವರೆ. ಆರು ವರ್ಷದ ಹಿಂದೆ ಮೂವತ್ತೇಳಿತ್ತು. ಆ ಮೂವತ್ತೇಳರಲ್ಲಿ ಒಂದಿಂಚಾದರೂ ತನ್ನ ಮನೆಯ ಅನ್ನದ್ದು ಎಂದು ಪೊಡಿಯಬ್ಬನಿಗೆ ಗೊತ್ತು. ಟೇಪನ್ನು ಮೇಲಕ್ಕೆ ತಂದು ಕುತ್ತಿಗೆಗೆ ಸುತ್ತಿದಾಗ, ಇನ್ನೊಂದು ಸುತ್ತು ಹಾಕಿ ಎಳೆದುಬಿಟ್ಟರೆ ಹೇಗೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಹದಿನಾರು ಎಂದು ಪುಸ್ತಕದಲ್ಲಿ ಬರೆದುಕೊಂಡ.

ದೋಹಾದ ಮುಐದರ್‌ನ ಆ ಅಂಗಡಿಯಲ್ಲಿ ಹೊಲಿಗೆ ಮುಂದೆ, ಸಂಸಾರ ಹಿಂದೆ, ನಡುವೆ ಒಂದು ಪರದೆ. ಪರದೆಯ ಆಚೆ ಅವನ ಹೆಂಡತಿ ಕುಲ್ಸುಂ ಗುಂಡಿ ಹಚ್ಚುತ್ತ ಕೂತಿದ್ದಳು. ಬಂದವನ ದನಿ ಕೇಳಿದ್ದೇ ಅವಳ ಕತ್ತರಿಯ ಸದ್ದು ನಿಂತಿತ್ತು.

"ಆಂಟಿ ಹುಷಾರಿದ್ದಾರಾ ಅಂಕಲ್?"

"ಇದ್ದಾಳೆ."

"ನಾನು ಬರ್ಬೇಕು ಬರ್ಬೇಕು ಅಂತಲೇ ಇದ್ದೆ. ಅಲ್ ಖೋರಿಂದ ಬೆಳಿಗ್ಗೆ ಕಂಪೆನಿ ಬಸ್ಸು ಹತ್ತಿದ್ರೆ ಮತ್ತೆ ಇಳಿಯುದು ಸಂಜೆಗೆ. ಟೈಮೇ ಸಿಗುದಿಲ್ಲ."

"ಆರು ವರ್ಷವೂ ಸಿಗ್ಲಿಲ್ಲ," ಎಂದ ಪೊಡಿಯಬ್ಬ. "ತೋಳು ಚಾಚು."

ಮೇಜಿನ ಮೇಲೆ ರೋಶನ್ ತಂದ ಬಿಸ್ಕತ್ತಿನ ಉರುಟು ಡಬ್ಬ ಇತ್ತು. ಸಾವಿನ ಮನೆಗೆ ಬಾರದವನು ಕೋಟಿನ ಅಳತೆಗೆ ಬರುವಾಗ ಬಿಸ್ಕತ್ತು ತಂದಿದ್ದ. "ಅವನ ವಿಷಯ ಕೇಳಿ ನನಗೆ ತುಂಬಾ..." ಎಂದು ಶುರುಮಾಡಿದ.

"ಯಾರ ವಿಷಯ?"

ರೋಶನ್ ಬಾಯಿ ತೆರೆದ. ಹೆಸರು ಬರಲಿಲ್ಲ. "ಅದೇ... ಅವನದ್ದು," ಎಂದು ಕನ್ನಡಿಯ ಕಡೆ ತಿರುಗಿ ಕೂದಲು ಸರಿಮಾಡಿಕೊಂಡ.

ಹೆಸರು ಬಾರದ್ದಕ್ಕೆ ಕಾರಣವಿತ್ತು, ಆ ಕಾರಣ ಅಮೆರಿಕದಿಂದ ಬಂದಿತ್ತು. ರೋಶನ್ ಓದಿದ್ದು ಅಲ್ಲಿನ ಒಂದು ಹಳೆಯ ಕಾಲೇಜಿನ ದೋಹಾ ಶಾಖೆಯಲ್ಲಿ. ಮೂಲ ಕಾಲೇಜು ಹುಟ್ಟಿದ್ದು ನೂರೈವತ್ತು ವರ್ಷದ ಹಿಂದೆ, ಅಮೆರಿಕದವರು ತಮ್ಮತಮ್ಮಲ್ಲೇ ಹೊಡೆದಾಡಿ ಸುಸ್ತಾದ ಮೇಲೆ, ರೈತರ ಮಕ್ಕಳಿಗೆ ಬೇಸಾಯ, ಯಂತ್ರ, ಬಂದೂಕು ಮೂರನ್ನೂ ಒಟ್ಟಿಗೆ ಕಲಿಸಲಿಕ್ಕೆ. ಆಗ ವಿದ್ಯಾರ್ಥಿಗಳೆಲ್ಲ ಸಿಪಾಯಿಗಳೇ. ಎರಡು ಮಹಾಯುದ್ಧಕ್ಕೂ ಅಲ್ಲಿಂದ ಹುಡುಗರು ಹೋದರು, ಎಷ್ಟೋ ಮಂದಿ ಮರಳಿ ಬರಲಿಲ್ಲ. ದೋಹಾಕ್ಕೆ ಬರುವಾಗ ಕಾಲೇಜು ಬಂದೂಕನ್ನು ಅಲ್ಲೇ ಬಿಟ್ಟು ಉಳಿದದ್ದನ್ನೆಲ್ಲ ಹೇರಿಕೊಂಡು ಬಂತು: ಡೋಲು, ಕತ್ತಿ, ಬಿಳಿ ಬೆಲ್ಟು, ಹಿತ್ತಾಳೆ ಗುಂಡಿಯ ಕಡುನೀಲಿ ಕೋಟು. ಗ್ಯಾಸಿನ ಪೈಪಿನ ವಿದ್ಯೆ ಕಲಿಯಲು ಬಂದ ಮಂಗಳೂರಿನ, ಮಲಪ್ಪುರದ, ಸೂಡಾನಿನ ಮಕ್ಕಳು ಸಮಾರಂಭದ ದಿನ ಅದನ್ನು ತೊಟ್ಟು ಲೆಫ್ಟ್ ರೈಟ್ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಆ ಕೋಟುಗಳನ್ನು ಹೊಲಿಯುತ್ತಿರುವವನು ಪೊಡಿಯಬ್ಬ. ಅರವತ್ತು ಪುಟದ ನಿಯಮಗಳ ಪುಸ್ತಕ ಅವನ ಹತ್ತಿರ ಇದೆ. ಮಗನಿಂದ ಓದಿಸಿ ಓದಿಸಿ ಅವನಿಗೆ ಅದು ಕಂಠಪಾಠ. ಕಾಲೇಜಿನ ಡೀನಿಗೂ ಅಷ್ಟು ಗೊತ್ತಿರಲಿಕ್ಕಿಲ್ಲ.

ಆ ಮಗನೇ ರಿಝ್ವಾನ್. ಸ್ಕಾಲರ್‌ಶಿಪ್ಪಿನಲ್ಲಿ ಅದೇ ಕಾಲೇಜು ಸೇರಿದ್ದ. ರೋಶನ್ ಅವನ ಸಹಪಾಠಿ, ವಾರಕ್ಕೆ ನಾಲ್ಕು ದಿನ ಊಟ ಇಲ್ಲೇ. ಕೊನೆಯ ವರ್ಷ ಒಂದು ಪಂಪಿನ ನಕ್ಷೆ ಮಾಡಿ ಒಪ್ಪಿಸಬೇಕಿತ್ತು. ರಿಝ್ವಾನ್ ನಲವತ್ತು ದಿನ ಈ ಮೇಜಿನ ಮೇಲೆಯೇ, ಅಪ್ಪ ಬಟ್ಟೆಯ ಅಚ್ಚು ಕತ್ತರಿಸುವ ಕಂದು ಕಾಗದದಲ್ಲಿ ಗೀಚಿ, ಅಳಿಸಿ, ಮತ್ತೆ ಗೀಚಿ ಅದನ್ನು ಮಾಡಿದ. ರೋಶನ್ ಏನೂ ಮಾಡಿರಲಿಲ್ಲ. ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿದ. ರಿಝ್ವಾನ್ ನೋಡಿಕೋ ಎಂದು ಕೊಟ್ಟ. ರೋಶನ್ ಇದ್ದದ್ದು ಇದ್ದ ಹಾಗೆ ಇಳಿಸಿಕೊಂಡು ಒಂದು ದಿನ ಮೊದಲೇ ಒಪ್ಪಿಸಿಬಿಟ್ಟ.

ಎರಡು ನಕ್ಷೆ ಒಂದೇ ಎಂದು ಗೊತ್ತಾದಾಗ ಕಾಲೇಜಿನ ಮಾನದ ಕೋರ್ಟು ಕೂತಿತು. ಅದೂ ಸಿಪಾಯಿಗಳ ಕಾಲದ್ದೇ. ವಿದ್ಯಾರ್ಥಿಗಳೇ ನ್ಯಾಯಾಧೀಶರು, ಕತ್ತಿಯ ಮೇಲೆ ಕೈಯಿಟ್ಟು ಪ್ರಮಾಣ. ರೋಶನ್ ಕತ್ತಿಯ ಮೇಲೆ ಕೈಯಿಟ್ಟು, ನಕ್ಷೆ ನನ್ನದು, ಕದ್ದವನು ರಿಝ್ವಾನ್ ಎಂದ. ಪೊಡಿಯಬ್ಬ ಕಂದು ಕಾಗದದ ಸುರುಳಿ ಹೊತ್ತುಕೊಂಡು ಹೋದರೆ, ಅದರಲ್ಲಿ ತಾರೀಕು ಇಲ್ಲ, ಸಹಿ ಇಲ್ಲ, ಕೋಟಿನ ತೋಳು ಮಾತ್ರ ಇದೆ ಎಂದು ನಕ್ಕು ಕಳಿಸಿದರು.

ಹೊರಹಾಕುವುದಕ್ಕೂ ಅಲ್ಲೊಂದು ಪದ್ಧತಿ. ಅಂಗಳದಲ್ಲಿ ಡೋಲು ಬಾರಿಸಿ ಹೆಸರನ್ನು ಒಮ್ಮೆ ಕೂಗುತ್ತಾರೆ. ಸಾಲಾಗಿ ನಿಂತವರೆಲ್ಲ ಬೆನ್ನು ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಕಾಲೇಜಿಗೆ ಸೇರಿದವರು ಯಾರೂ ಆ ಹೆಸರನ್ನು ಉಚ್ಚರಿಸಬಾರದು. ಪೊಡಿಯಬ್ಬ ಗೇಟಿನ ಹತ್ತಿರ ನಿಂತು ನೋಡಿದ್ದ. ತಿರುಗಿದ ಬೆನ್ನುಗಳಲ್ಲಿದ್ದದ್ದೆಲ್ಲ ಅವನೇ ಹೊಲಿದ ಕೋಟು. ಎಲ್ಲರ ಬೆನ್ನಿನ ನಡುಹೊಲಿಗೆಯೂ ನೇರವಾಗಿತ್ತು.

ರಿಝ್ವಾನ್ ಊರಿಗೆ ಹೋದ. ಉಳ್ಳಾಲದಲ್ಲಿ ಬಾವಿಯ ಪಂಪು ರಿಪೇರಿ ಮಾಡುತ್ತ ಒಂದು ವರ್ಷ ಇದ್ದ. ತಲಪಾಡಿಯ ಹತ್ತಿರ ಅವನ ಬೈಕಿಗೆ ಲಾರಿ ಬಡಿಯಿತು. ಆ ಕಾಲೇಜಿನ ಕೆಲಸ ಬಿಟ್ಟುಬಿಡು ಎಂದು ಎಲ್ಲರೂ ಹೇಳಿದರು. ಪೊಡಿಯಬ್ಬ ಬಿಡಲಿಲ್ಲ. ಬಿಟ್ಟರೆ ಆ ಗೇಟಿನೊಳಗೆ ಕಾಲಿಡಲು ಬೇರೆ ದಾರಿ ಇರಲಿಲ್ಲ. ಕಾದ. ಈಗ ಆ ದಾರಿ ತಾನಾಗಿ ನಡೆದುಕೊಂಡು ಬಂದು, ಕೈಯೆತ್ತಿ ನಿಂತು, ಎದೆ ಅಳೆಸಿಕೊಂಡು ಹೋಗಿತ್ತು.

ಆರ್ಡರು ಕೊಟ್ಟವಳು ಕಾಲೇಜಿನ ಸಮಾರಂಭಗಳನ್ನು ನೋಡಿಕೊಳ್ಳುವ ಮೈಸೂರಿನ ಜಾಹ್ನವಿ. "ಮಾಸ್ಟ್ರೇ, ಈ ಸಲ ಹಾಜರಿ ದಿನ ಕೋಟು ಹಾಕೋರು ನಮ್ಮ ಹಳೇ ಸ್ಟೂಡೆಂಟ್ ರೋಶನ್. ಗ್ಯಾಸ್ ಕಂಪ್ನೀಲಿ ದೊಡ್ಡ ಪೊಸಿಷನ್ನು. ಚೆನ್ನಾಗಿ ಹೊಲಿದುಕೊಡಿ," ಎಂದಿದ್ದಳು. ಹಿಂದಿನದ್ದೇನೂ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳುವ ಹಾಗಿರಲಿಲ್ಲವಲ್ಲ.

ಹಾಜರಿ ಎಂದರೆ ವರ್ಷಕ್ಕೊಮ್ಮೆ ಸತ್ತವರ ಹಾಜರಿ. ಆ ವರ್ಷ ತೀರಿಕೊಂಡ ಹಳೆಯ ವಿದ್ಯಾರ್ಥಿಗಳ ಹೆಸರು ಕರೆಯುತ್ತಾರೆ, ಅವರ ಪರವಾಗಿ ಯಾರಾದರೂ ಎದ್ದು 'ಹಿಯರ್' ಎನ್ನುತ್ತಾರೆ. ಕೊನೆಯ ಕರೆ ಯುದ್ಧಗಳಲ್ಲಿ ಸತ್ತು ಹೆಸರೂ ಗುರುತೂ ಸಿಗದೆ ಹೋದವರಿಗೆ. ಅವರಿಗಾಗಿ ವೇದಿಕೆಯಲ್ಲಿ ಒಂದು ಖಾಲಿ ಕುರ್ಚಿ ಇಡುತ್ತಾರೆ. ಆ ವರ್ಷ ಆಯ್ಕೆಯಾದವನು ತನ್ನ ಕೋಟು ಬಿಚ್ಚಿ, ಪದಕ ಬಿಲ್ಲೆಗಳು ಕಾಣದಂತೆ ಒಳಮೈ ಹೊರಗೆ ತಿರುವಿ, ಕುರ್ಚಿಗೆ ಹೊದಿಸಿ, ತಾನೇ 'ಹಿಯರ್' ಎನ್ನಬೇಕು. ಹೊದಿಸಿದ ಕೋಟನ್ನು ಮುಂದಿನ ವರ್ಷದ ಹಾಜರಿಯವರೆಗೆ ಯಾರೂ ಮುಟ್ಟಬಾರದು. ಕುರ್ಚಿ ಹಾಗೆಯೇ ಕಾಲೇಜಿನ ಬಾಗಿಲ ಎದುರು ಇರುತ್ತದೆ.

ಸಮಾರಂಭದ ಹಿಂದಿನ ಮಧ್ಯಾಹ್ನ ಪೊಡಿಯಬ್ಬ ಕೋಟಿನ ಒಳಬಟ್ಟೆಯನ್ನು ಮೆಷಿನ್ನಿಗೆ ಹಾಕಿ, ಬೆನ್ನಿನ ಅಗಲಕ್ಕೂ ಇಂಗ್ಲಿಷಿನ ಆರು ಅಕ್ಷರ ಹೊಲಿದ. ಕುಲ್ಸುಂ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಇದು ಎಂತ?"

"ಅವನ ಹೆಸರು. ಉಚ್ಚರಿಸ್ಬಾರದು ಅಂತ ಪುಸ್ತಕದಲ್ಲಿ ಉಂಟು. ಹೊಲಿಬಾರದು ಅಂತ ಎಲ್ಲಿಯೂ ಇಲ್ಲ. ಆ ಬೇವರ್ಸಿ ತನ್ನ ಕೈಯಾರೆ ತಿರುಗಿಸಿ ತೋರಿಸ್ಬೇಕು."

ಕುಲ್ಸುಂ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಡುನೀಲಿ ಬಟ್ಟೆ, ಮೇಲೆ ಕಡುನೀಲಿ ದಾರ. "ಯಾರಿಗೆ ಕಾಣ್ತದೆ ಇದು?"

"ಹತ್ತಿರ ನಿಂತವನಿಗೆ ಕಾಣ್ತದೆ. ಅವನಿಗೆ ಕಂಡ್ರೆ ಸಾಕು. ಬೇರೆ ಬಣ್ಣ ಹಾಕಿ, ಕೊಡುವಾಗಲೇ ಯಾರಾದ್ರೂ ನೋಡಿದ್ರೆ? ಕಾಂಟ್ರಾಕ್ಟೂ ಖಲಾಸ್, ವೀಸಾವೂ ಖಲಾಸ್."

"ಅಷ್ಟು ಹೆದರಿಕೆ ಇದ್ರೆ ಎಂತಕ್ಕೆ ಹೊರಟದ್ದು?" ಕುಲ್ಸುಂಳ ದನಿ ಏರಲಿಲ್ಲ. "ನನ್ನ ಮಗನ ಹೆಸರು ಕದ್ದು ಸಾಗಿಸುವ ಸಾಮಾನಾ? ನಾಳೆ ನಾನು ಹುಡುಗಿಯರ ಬೆಲ್ಟು, ಪಿನ್ನು ಸರಿಮಾಡ್ಲಿಕ್ಕೆ ಬರ್ತೇನೆ. ನಿಮ್ಮ ಈ ಕೆಲಸಕ್ಕೆ ನಾನಿಲ್ಲ."

ಪೊಡಿಯಬ್ಬನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಒಳಬಟ್ಟೆಯನ್ನು ಕೋಟಿಗೆ ಕೂಡಿಸಿ ಎಂದಿನಂತೆ ಅವಳ ಕಡೆಗೇ ದೂಡಿದ. ಅಂಚಿನ ಕೈಹೊಲಿಗೆ, ಗುಂಡಿ, ಇಸ್ತ್ರಿ ಎಲ್ಲ ಅವಳದ್ದು. ಅವಳು ಕವರಿಗೆ ಹಾಕಿ ಜಿಪ್ ಎಳೆದ ಕೋಟನ್ನು ಅವನು ಮತ್ತೆ ತೆರೆದು ನೋಡುವ ರೂಢಿ ಇಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಅವಳು ಕಾರು ಹತ್ತಿ ಕೂತಳು. ಮಡಿಲಲ್ಲಿ ಬಿಸ್ಕತ್ತಿನ ಉರುಟು ಡಬ್ಬ. ಅದಕ್ಕೆ ಸೂಜಿ ದಾರ ತುಂಬಿಸಿಕೊಂಡಿರಬೇಕು ಎಂದುಕೊಂಡ ಪೊಡಿಯಬ್ಬ.

ಸಭಾಂಗಣದ ಪಕ್ಕದ ಕೋಣೆಯಲ್ಲಿ ಪೊಡಿಯಬ್ಬ ಕವರು ಬಿಚ್ಚಿ, ಕೋಟಿನ ಕಾಲರನ್ನು ಹಿಂದಿನಿಂದ ಹಿಡಿದ. ರೋಶನ್ ತಿರುಗಿ ನೋಡದೆ ತೋಳುಗಳನ್ನು ಹಿಂದಕ್ಕೆ ಚಾಚಿ ಕೋಟಿನೊಳಗೆ ಇಳಿದ. "ಸೂಪರ್ ಫಿಟ್ಟಿಂಗ್ ಅಂಕಲ್. ನಿಮ್ಮ ಕೈ ಅಂದ್ರೆ ಕೈ," ಎಂದ. ಪೊಡಿಯಬ್ಬ ಏಳು ಗುಂಡಿಗಳನ್ನೂ ತಾನೇ ಹಾಕಿದ. ಬೆನ್ನಿನ ಮೇಲೆ ಅಂಗೈ ಇಟ್ಟು ಸುಕ್ಕು ಸರಿಮಾಡುವಾಗ, ಬಟ್ಟೆಯ ಒಳಗೆ ಏನೋ ಉಬ್ಬಿದ ಹಾಗೆ ಅನಿಸಿತು. ಮೆಷಿನ್ ಹೊಲಿಗೆ ಅಷ್ಟು ದಪ್ಪ ಬರುವುದಿಲ್ಲ. ಯೋಚಿಸಲು ಸಮಯವಿರಲಿಲ್ಲ. "ಯಲ್ಲಾ, ಹೋಗುವ," ಎಂದು ರೋಶನ್ ಹೊರಟುಬಿಟ್ಟ.

ಬಿಳಿ ಮೀಸೆಯ ನಿವೃತ್ತ ಕರ್ನಲ್ ಒಬ್ಬ ಪುಸ್ತಕ ನೋಡಿ ಹೆಸರು ಕರೆಯುತ್ತಿದ್ದ. ಒಂದೊಂದಕ್ಕೂ ಒಬ್ಬರು ಎದ್ದು 'ಹಿಯರ್' ಎಂದು ಕೂರುತ್ತಿದ್ದರು. ಪೊಡಿಯಬ್ಬ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಅಲ್ಲಿಂದ ಅಕ್ಷರ ಕಾಣುವುದಿಲ್ಲ, ರೋಶನನ ಮುಖ ಮಾತ್ರ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಷ್ಟು ಸಾಕಾಗಿತ್ತು. ಆ ಮುಖ ಬಿಳುಚಿಕೊಳ್ಳುವುದನ್ನು ನೋಡಬೇಕು, ನೋಡಿ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣಬೇಕು.

ಕರ್ನಲ್ ಪುಸ್ತಕ ಮುಚ್ಚಿದ. "ಹೆಸರು ಸಿಗದವನು?" ಎಂದು ಕರೆದ.

ಎಲ್ಲರೂ ಎದ್ದು ನಿಂತರು. ಡೋಲು ಒಮ್ಮೆ ಬಡಿಯಿತು. ರೋಶನ್ ಗಂಭೀರವಾಗಿ ಗುಂಡಿ ಬಿಚ್ಚಿ, ಕೋಟು ತೆಗೆದು, ಅಭ್ಯಾಸ ಮಾಡಿಸಿದ ಹಾಗೆ ಸಭೆಯ ಕಡೆಗೇ ಕಣ್ಣಿಟ್ಟು ತೋಳುಗಳನ್ನು ಒಳಗಿನಿಂದ ಎಳೆದು ತಿರುವಿ, ಕುರ್ಚಿಯ ಬೆನ್ನಿಗೆ ಹೊದಿಸಿದ. ಅವನು ಅದನ್ನು ನೋಡುವ ಮೊದಲೇ ಸಭೆ ನೋಡಿತು.

ಹಿಂದಿನ ಗೋಡೆಯಿಂದ ಪೊಡಿಯಬ್ಬನೂ ಓದಿದ. ಕಡುನೀಲಿಯ ಮೇಲೆ ಬಂಗಾರದ ಜರಿದಾರ, ಅಂಗೈ ಎತ್ತರದ ಆರು ಅಕ್ಷರ. ಅವನು ಹೆದರಿ ಹೆದರಿ ಹೊಲಿದ ಗೆರೆಯ ಮೇಲೆಯೇ ದಪ್ಪನೆಯ ಸರಪಳಿ ಹೊಲಿಗೆ ಓಡಿತ್ತು. ಆ ಕೈಹೊಲಿಗೆ ಯಾರದ್ದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ರಿಝ್ವಾನ್ ಎಂಬ ಹೆಸರು ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆಯುತ್ತಿತ್ತು.

ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ರೋಶನನ ಓರಗೆಯವರು ಮೂರ್ನಾಲ್ಕು ಮಂದಿ ತಲೆ ತಗ್ಗಿಸಿದರು. ಜಾಹ್ನವಿ ಬಾಯಿಗೆ ಕೈ ಅಡ್ಡ ಹಿಡಿದಳು. ಕರ್ನಲ್ ಕುರ್ಚಿಯ ಕಡೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಕೋಟು ಮುಟ್ಟುವಂತಿಲ್ಲ. ಇದು ಯಾರ ಹೆಸರು ಎಂದು ಕೇಳುವಂತಿಲ್ಲ, ಕೇಳಿದರೆ ಹೆಸರು ಹೇಳಬೇಕಾಗುತ್ತದೆ. ನೂರೈವತ್ತು ವರ್ಷದ ಪದ್ಧತಿಗಳು ಒಂದರ ಕಾಲಿಗೊಂದು ತೊಡರಿ ನಿಂತದ್ದನ್ನು ನೋಡಿ ಪೊಡಿಯಬ್ಬನಿಗೆ ಕುಣಿಯಬೇಕು ಎನಿಸಿತು. ಉತ್ತರ ಬಾರದೆ ಸಭೆ ಮುಗಿಯುವಂತಿಲ್ಲ. ಕರ್ನಲ್ ಬೇರೆ ದಾರಿ ಕಾಣದೆ ಮತ್ತೆ ಕರೆದ, "ಹೆಸರು ಸಿಗದವನು?"

ರೋಶನ್ ಆಗ ತಿರುಗಿ ನೋಡಿದ. ಬಾಯಿ ತೆರೆದ. ಅಂಗಡಿಯಲ್ಲಿ ತೆರೆದು ನಿಂತ ಹಾಗೆಯೇ ತೆರೆದು ನಿಂತ. ಅಂಗಿಯ ಕಂಕುಳು ಒದ್ದೆಯಾಗುತ್ತಾ ಬಂತು. 'ಒದ್ದಾಡು,' ಎಂದುಕೊಂಡ ಪೊಡಿಯಬ್ಬ, 'ಇನ್ನೂ ಒದ್ದಾಡು.'

"ಇದ್ದಾನೆ."

ಹೆಣ್ಣುದನಿ. ಗೋಡೆಬದಿಯಲ್ಲಿ ಹುಡುಗಿಯರ ಸಾಲಿನ ಪಕ್ಕದಿಂದ ಕುಲ್ಸುಂ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಮನೆಯ ಬ್ಯಾರಿ ಮಾತಿನಲ್ಲಿ ಹೇಳಲಿಲ್ಲ, ಸಭೆಯ ಇಂಗ್ಲಿಷಿನಲ್ಲೂ ಹೇಳಲಿಲ್ಲ. ಆಂಟಿ ಇನ್ನೊಂದು ಸೌಟು ಹಾಕಿ ಎಂದು ರೋಶನ್ ಕೇಳುತ್ತಿದ್ದ ಕನ್ನಡದಲ್ಲಿ ಹೇಳಿದಳು. ಅಲ್ಲಿ ಅದು ಅರ್ಥವಾದವರು ಹತ್ತು ಮಂದಿ ಇದ್ದಿರಬಹುದು. ಉಳಿದವರಿಗೆ ಅರ್ಥ ಬೇಕಾಗಲಿಲ್ಲ. ಕರ್ನಲ್ ಟೋಪಿ ತೆಗೆದ. ಡೋಲಿನವನ ಕೈ ತಾನಾಗಿ ಎರಡನೆಯ ಪೆಟ್ಟು ಹೊಡೆಯಿತು, ಸಭೆ ಮುಗಿಯಿತು.

ಜನ ಹೊರಹೋಗುವಾಗ ರೋಶನ್ ಅಂಗಿಯಲ್ಲೇ ಕುರ್ಚಿಯ ಹತ್ತಿರ ನಿಂತಿದ್ದ. ಕುಲ್ಸುಂ ನೇರ ಅವನ ಬಳಿಗೆ ಹೋದಳು. ಪೊಡಿಯಬ್ಬ ಹಿಂದೆ ಹಿಂದೆ ಬಂದ.

"ಆಂಟಿ, ನಾನು..."

ಕುಲ್ಸುಂ ಬಿಸ್ಕತ್ತಿನ ಡಬ್ಬವನ್ನು ಅವನ ಕೈಗೆ ಹಿಡಿಸಿದಳು. ಸುತ್ತಲಿನ ಪ್ಲಾಸ್ಟಿಕ್ಕು ಹಾಗೇ ಇತ್ತು. "ಒಡೀಲಿಲ್ಲ. ತಕೊಂಡು ಹೋಗು," ಎಂದು ಹೇಳಿ ಹುಡುಗಿಯರ ಪಿನ್ನು ಬಿಚ್ಚಲು ವಾಪಸು ನಡೆದಳು.

ಪೊಡಿಯಬ್ಬ ಕುರ್ಚಿಯ ಎದುರು ನಿಂತ. ಕೊನೆಯ ಅಕ್ಷರದ ತುದಿಯಲ್ಲಿ ಗೇಣುದ್ದದ ಜರಿದಾರ ಕತ್ತರಿಸದೆ ಉಳಿದಿತ್ತು, ಏಸಿಯ ಗಾಳಿಗೆ ಅಲ್ಲಾಡುತ್ತಿತ್ತು. ದಾರದ ತುದಿ ಬಿಟ್ಟು ಕೋಟು ಕೊಟ್ಟವಳಲ್ಲ ಅವಳು. ಅವನ ಕೈ ರೂಢಿಯಂತೆ ಜೇಬಿನ ಸಣ್ಣ ಕತ್ತರಿಯ ಕಡೆ ಹೋಯಿತು. ಆಮೇಲೆ, ಮುಂದಿನ ವರ್ಷದವರೆಗೆ ಅದನ್ನು ಮುಟ್ಟುವ ಹಾಗಿಲ್ಲ ಎಂದು ನೆನಪಾಗಿ, ಕೈ ಅಲ್ಲೇ ನಿಂತಿತು.